ಕೇಂದ್ರ ಬಜೆಟ್: ಒಂದೇ ವಿಷಯಕ್ಕೆ ಎರಡೆರಡು ಅಂಕಿ, ಯಾವುದನ್ನು ಹಿಡಿಯಬೇಕು?

ಹೊಂಗೆ ನೆರಳು (ಪ್ರಶ್ನೆ)

ಪದವಿ ತರಗತಿಯ ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗೆ ಕೇಂದ್ರ ಬಜೆಟ್ ಓದುವುದು ಹೇಗೆಂದು ಕನ್ನಡದಲ್ಲಿ ಹತ್ತು ಪುಟದ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಮಾದರಿಗೆ ನಿರ್ಮಲಾ ಸೀತಾರಾಮನ್ 2025ರ ಫೆಬ್ರವರಿ 1ರಂದು ಮಂಡಿಸಿದ 2025-26ರ ಬಜೆಟ್ ಇಟ್ಟುಕೊಂಡಿದ್ದೇನೆ. ಒಂದೇ ವಿಷಯಕ್ಕೆ ಎರಡೆರಡು ಅಂಕಿ ಸಿಗುತ್ತಿವೆ. ಎರಡೂ ಸರ್ಕಾರದ ಪುಸ್ತಕಗಳಿಂದಲೇ ಬಂದವು.

ಬಡ್ಡಿಯನ್ನೇ ನೋಡಿ. ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬ ಚಿತ್ರದಲ್ಲಿ ಬಡ್ಡಿಗೆ 20 ಪೈಸೆ. ಒಟ್ಟು ವೆಚ್ಚ 50,65,345 ಕೋಟಿ ರೂ., ಬಡ್ಡಿ 12,76,338 ಕೋಟಿ ರೂ. ಎಂದು ನಾವೇ ಭಾಗಿಸಿದರೆ 25 ಪೈಸೆ ಬರುತ್ತದೆ.

ರಾಜ್ಯಗಳ ಪಾಲಿನದೂ ಇದೇ ಪಾಡು. ಕೇಂದ್ರದ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಎಂದು ಎಲ್ಲ ಕಡೆ ಓದುತ್ತೇವೆ. ಒಟ್ಟು ತೆರಿಗೆ 42,70,233 ಕೋಟಿ, ರಾಜ್ಯಗಳಿಗೆ 14,22,444 ಕೋಟಿ. ಅದು ಶೇ 33 ಆಯಿತು.

ಬಂಡವಾಳ ವೆಚ್ಚ (ಆಸ್ತಿ ನಿರ್ಮಾಣಕ್ಕೂ ಸಾಲ ಕೊಡಲೂ ಹೋಗುವ ಹಣ) ಒಂದು ಕಡೆ 11.21 ಲಕ್ಷ ಕೋಟಿ, ಇನ್ನೊಂದು ಕಡೆ 15.48 ಲಕ್ಷ ಕೋಟಿ. ಹಿಂದಿನ ವರ್ಷಕ್ಕಿಂತ ಶೇ 10 ಹೆಚ್ಚು ಎಂದು ಒಂದು ವರದಿ, ಶೇ 1ರಷ್ಟೂ ಹೆಚ್ಚಿಲ್ಲ ಎಂದು ಮತ್ತೊಂದು.

ಕಡೆಯದು ನಮ್ಮ ಊರಿನ ವಿಷಯ. 2023ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂ. ನೆರವು ಎಂದು ಹೇಳಿದ್ದರು. ಹೀಗೆ ಘೋಷಿಸಿದ ಹಣ ನಿಜಕ್ಕೂ ಬಂದಿತೇ ಎಂದು ವಿದ್ಯಾರ್ಥಿಯೊಬ್ಬ ತಾನೇ ಪತ್ತೆಹಚ್ಚಬೇಕಾದರೆ ಯಾವ ಯಾವ ಪುಸ್ತಕ ತೆರೆಯಬೇಕು?

---

ಹಳೆ ಖತಾವಣಿ

ಬಡ್ಡಿಯ ಎರಡೂ ಲೆಕ್ಕ ಸರಿಯಾಗಿಯೇ ಇವೆ, ಭಾಜಕ ಮಾತ್ರ ಬೇರೆ. ಪೈಸೆ ಚಿತ್ರದಲ್ಲಿ ಒಂದು ರೂಪಾಯಿ ಎಂದರೆ 50.65 ಲಕ್ಷ ಕೋಟಿ ಅಲ್ಲ. ಅದರ ಮೇಲೆ ರಾಜ್ಯಗಳ ತೆರಿಗೆ ಪಾಲು 14.22 ಲಕ್ಷ ಕೋಟಿಯನ್ನೂ ಕೂಡಿಸಿ 64.87 ಲಕ್ಷ ಕೋಟಿಯನ್ನು ಒಂದು ರೂಪಾಯಿ ಎಂದು ಹಿಡಿದಿದ್ದಾರೆ. 12.76 ಅನ್ನು 64.87ರಿಂದ ಭಾಗಿಸಿ, 19.7 ಬರುತ್ತದೆ. ಅದೇ ಚಿತ್ರದ 20 ಪೈಸೆ. ಚಿತ್ರದಲ್ಲಿ ‘ರಾಜ್ಯಗಳ ಪಾಲು 22 ಪೈಸೆ’ ಎಂಬ ತುಂಡು ಇರುವುದೇ ಇದಕ್ಕೆ ಸಾಕ್ಷಿ. ಬಜೆಟ್ ಕಿರುನೋಟ (Budget at a Glance) ಪುಸ್ತಕದ ಒಟ್ಟು ವೆಚ್ಚದೊಳಗೆ ಆ ಹಣ ಇರುವುದೇ ಇಲ್ಲ. ಅಲ್ಲಿ ತೆರಿಗೆಯನ್ನು ಬರೆಯುವಾಗಲೇ ರಾಜ್ಯಗಳ ಪಾಲು ಕಳೆದು, ಕೇಂದ್ರಕ್ಕೆ ಉಳಿಯುವ ನಿವ್ವಳ 28.37 ಲಕ್ಷ ಕೋಟಿಯನ್ನು ಮಾತ್ರ ತೋರಿಸುತ್ತಾರೆ.

ಆದಾಯದ ಕಡೆಯ ಚಿತ್ರಕ್ಕೂ ಇದೇ ಮಾತು. ಸಾಲ 24 ಪೈಸೆ ಎಂದು ಅಲ್ಲಿದೆ. ವಿತ್ತೀಯ ಕೊರತೆ, ಅಂದರೆ ಸಾಲ ಬಿಟ್ಟು ಬರುವ ಹಣಕ್ಕಿಂತ ಖರ್ಚು ಹೆಚ್ಚಾದ ಮೊತ್ತ, 15,68,936 ಕೋಟಿ, ಅದನ್ನು 64.87 ಲಕ್ಷ ಕೋಟಿಯಿಂದ ಭಾಗಿಸಿದರೆ 24. ಕೇಂದ್ರ ತಾನೇ ಖರ್ಚು ಮಾಡುವ 50.65 ಲಕ್ಷ ಕೋಟಿಗೆ ಹೋಲಿಸಿದರೆ 31 ಪೈಸೆ. ಕೇಂದ್ರದ ಪ್ರತಿ ನೂರು ರೂಪಾಯಿ ಖರ್ಚಿನಲ್ಲಿ 31 ರೂಪಾಯಿ ಸಾಲದ್ದು ಎಂದು ಹೇಳುವುದೇ ಹೆಚ್ಚು ನೇರ.

ವಿದ್ಯಾರ್ಥಿಗಳಿಗೆ ಬಡ್ಡಿಯ ಭಾರ ಮನದಟ್ಟಾಗಬೇಕಾದರೆ ಈ ಎರಡನ್ನೂ ಬಿಟ್ಟು ಮೂರನೆಯದನ್ನು ಕೊಡಿ. ತೆರಿಗೆ ನಿವ್ವಳ 28.37 ಮತ್ತು ತೆರಿಗೆಯೇತರ ಆದಾಯ 5.83 ಕೂಡಿದರೆ ರಾಜಸ್ವ ಸ್ವೀಕೃತಿ 34.20 ಲಕ್ಷ ಕೋಟಿ. ಅದರಲ್ಲಿ ಬಡ್ಡಿ 12.76, ಅಂದರೆ ಶೇ 37. ಸಂಬಳ ಬಂದ ದಿನವೇ ನೂರಕ್ಕೆ 37 ಹಳೆ ಸಾಲದ ಬಡ್ಡಿಗೆ ಹೋದ ಹಾಗೆ. ಖರ್ಚಿನೊಳಗೆ ಸಾಲದ ಹಣವೂ ಸೇರಿರುವುದರಿಂದ ಖರ್ಚಿನ ಮೇಲೆ ಲೆಕ್ಕ ಹಾಕಿದರೆ ಭಾರ ಕಡಿಮೆ ಕಾಣುತ್ತದೆ. ಸಾಲ ಹೆಚ್ಚಿದಷ್ಟೂ ಇನ್ನೂ ಕಡಿಮೆ ಕಾಣುತ್ತದೆ.

ಸಾಲದ ಬಗ್ಗೆಯೂ ಒಂದು ಗೊಂದಲ ಬಂದೇ ಬರುತ್ತದೆ, ಈಗಲೇ ಟಿಪ್ಪಣಿಗೆ ಹಾಕಿಬಿಡಿ. ಕೊರತೆ 15.69 ಲಕ್ಷ ಕೋಟಿ ಎನ್ನುತ್ತಾರೆ, ಮಾರುಕಟ್ಟೆಯಿಂದ ಒಟ್ಟು ಸಾಲ 14.82 ಎನ್ನುತ್ತಾರೆ, ನಿವ್ವಳ ಸಾಲ 11.54 ಎನ್ನುತ್ತಾರೆ. ಒಟ್ಟು ಸಾಲದಲ್ಲಿ ಒಂದು ಭಾಗ ಅವಧಿ ಮುಗಿದ ಹಳೆಯ ಸಾಲಪತ್ರಗಳ ತೀರುವಳಿಗೇ ಹೋಗುತ್ತದೆ, ಅದು ಹೊಸ ಖರ್ಚಿಗೆ ಸಿಗುವುದಿಲ್ಲ. ಕೊರತೆ ತುಂಬುವುದು ನಿವ್ವಳ 11.54. ಅದರ ಮೇಲೆ ಸಣ್ಣ ಉಳಿತಾಯದಿಂದ, ಅಂದರೆ ಅಂಚೆ ಕಚೇರಿ ಠೇವಣಿ, ಪಿಪಿಎಫ್, ಸುಕನ್ಯಾ ಸಮೃದ್ಧಿ ಮುಂತಾದವುಗಳಿಂದ 3.43. ಉಳಿದ ಸುಮಾರು 0.72 ಲಕ್ಷ ಕೋಟಿ ಭವಿಷ್ಯ ನಿಧಿ, ವಿದೇಶಿ ಸಾಲ, ನಗದು ಶಿಲ್ಕು ಇತ್ಯಾದಿಗಳಿಂದ.

ವಾರ್ಷಿಕ ಹಣಕಾಸು ವಿವರಣ ಪತ್ರವನ್ನು ತೆರೆದ ವಿದ್ಯಾರ್ಥಿ ಗಾಬರಿಯಾಗುತ್ತಾನೆ, ಅಲ್ಲಿಯ ಮೊತ್ತ 50 ಲಕ್ಷ ಕೋಟಿಗಿಂತ ಎಷ್ಟೋ ದೊಡ್ಡದು. ಸಂವಿಧಾನದ 112ನೇ ವಿಧಿ ಕೇಳುವುದು ಈ ಪತ್ರವನ್ನೇ, ಸಂವಿಧಾನದಲ್ಲಿ ‘ಬಜೆಟ್’ ಎಂಬ ಪದವಿಲ್ಲ. ಸಂಚಿತ ನಿಧಿಯಿಂದ (ಸರ್ಕಾರದ ಆದಾಯ, ಸಾಲ ಎಲ್ಲ ಸೇರುವ ಮುಖ್ಯ ಖಾತೆ) ಹೊರಬೀಳುವ ಪ್ರತಿ ರೂಪಾಯಿ ಇಲ್ಲಿ ಬರಬೇಕು, ಆದ್ದರಿಂದ ಸಾಲದ ಅಸಲು ಮರುಪಾವತಿಯೂ ಖರ್ಚಿನ ಕಡೆ ಸೇರಿದೆ. ಇಲ್ಲಿಯ ಮೊತ್ತವನ್ನು ಜಿಡಿಪಿಗೆ ಹೋಲಿಸಬೇಡಿ.

---

ತುಂಗೆಯ ದಡ

ಶೇ 41ರ ಮಾತಿಗೆ ಬರುತ್ತೇನೆ. 15ನೇ ಹಣಕಾಸು ಆಯೋಗ (ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಬಗೆಯನ್ನು ಶಿಫಾರಸು ಮಾಡುವ ಸಂಸ್ಥೆ) ಹೇಳಿದ್ದು ಒಟ್ಟು ತೆರಿಗೆಯ ಶೇ 41 ಎಂದಲ್ಲ, ‘ಹಂಚಬಹುದಾದ ನಿಧಿ’ಯ ಶೇ 41 ಎಂದು. ಸೆಸ್ (ಗೊತ್ತಾದ ಉದ್ದೇಶಕ್ಕೆ ಹಾಕುವ ತೆರಿಗೆ), ಸರ್‌ಚಾರ್ಜ್ (ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ) ಮತ್ತು ತೆರಿಗೆ ಸಂಗ್ರಹದ ವೆಚ್ಚ ಆ ನಿಧಿಯಿಂದ ಹೊರಗೆ. ಇದು ಸಂವಿಧಾನದ 270ನೇ ವಿಧಿಯಲ್ಲೇ ಇದೆ. 2000ದ 80ನೇ ತಿದ್ದುಪಡಿಯ ಮೂಲಕ ಬಂದ ಪಠ್ಯ ಅದು. ಸರ್‌ಚಾರ್ಜ್ ಹಾಕುವ ಅಧಿಕಾರ 271ರಲ್ಲಿ.

ಹಿಮ್ಮುಖವಾಗಿ ಲೆಕ್ಕ ಹಾಕಿ ನೋಡಿ. 14.22 ಅನ್ನು 0.41ರಿಂದ ಭಾಗಿಸಿದರೆ ಸುಮಾರು 34.7 ಲಕ್ಷ ಕೋಟಿ. ಒಟ್ಟು ತೆರಿಗೆ 42.7. ಹಾಗಾದರೆ ಸರಿಸುಮಾರು 8 ಲಕ್ಷ ಕೋಟಿ ಹಂಚಿಕೆಗೆ ಸಿಗದ ಹಣ. ಹಿಂದಿನ ವರ್ಷಗಳ ಹೊಂದಾಣಿಕೆಯೂ ಸ್ವಲ್ಪ ಬೆರೆತಿರುವುದರಿಂದ ಇದನ್ನು ಪೈಸೆಗೆ ಪೈಸೆ ನಂಬಬಾರದು, ಪ್ರಮಾಣ ತಿಳಿಯಲು ಸಾಕು. ಆದಾಯ ತೆರಿಗೆಯ ಮೇಲಿನ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್, ಪೆಟ್ರೋಲ್ ಡೀಸೆಲ್ ಮೇಲಿನ ರಸ್ತೆ ಮತ್ತು ಮೂಲಸೌಕರ್ಯ ಸೆಸ್, 50 ಲಕ್ಷ ದಾಟಿದ ಆದಾಯದ ಮೇಲಿನ ಸರ್‌ಚಾರ್ಜ್, ಇವೆಲ್ಲ ಅದರೊಳಗೆ. ಜಿಎಸ್‌ಟಿ ಪರಿಹಾರ ಸೆಸ್ ಕೂಡ ಹಂಚಿಕೆಗೆ ಬರುತ್ತಿರಲಿಲ್ಲ. ಆದರೆ ಅದನ್ನು ಉಳಿದವುಗಳ ಸಾಲಿಗೆ ಸೇರಿಸಿ ‘ಕೇಂದ್ರ ಇಟ್ಟುಕೊಂಡಿತು’ ಎಂದು ಬರೆದರೆ ತಪ್ಪಾಗುತ್ತದೆ. ಕೋವಿಡ್ ಕಾಲದಲ್ಲಿ ರಾಜ್ಯಗಳ ಪರವಾಗಿ ಎತ್ತಿದ ಸಾಲವನ್ನು ತೀರಿಸಲು ಅದು ಹೋಗುತ್ತಿತ್ತು.

ಕರ್ನಾಟಕದ ಪಾಲು ತೆಗೆಯುವುದು ಸುಲಭ. 15ನೇ ಆಯೋಗದ ಪ್ರಕಾರ ಶೇ 3.647. ಅದನ್ನು 14,22,444 ಕೋಟಿಗೆ ಗುಣಿಸಿದರೆ 51,876 ಕೋಟಿ. ಸ್ವೀಕೃತಿ ಬಜೆಟ್‌ನ ಅನುಬಂಧದಲ್ಲಿ ರಾಜ್ಯವಾರು ಕೋಷ್ಟಕವಿದೆ, ಅಲ್ಲಿ ಹೋಲಿಸಿಕೊಳ್ಳಿ. 14ನೇ ಆಯೋಗದ ಅವಧಿಯಲ್ಲಿ ನಮ್ಮ ಪಾಲು ಶೇ 4.713 ಇತ್ತು. ಅದೇ ಮೊತ್ತಕ್ಕೆ ಹಳೆಯ ಪಾಲು ಹಾಕಿದರೆ ಸುಮಾರು 67,040 ಕೋಟಿ ಆಗುತ್ತಿತ್ತು, ವರ್ಷಕ್ಕೆ ಹದಿನೈದು ಸಾವಿರ ಕೋಟಿಯ ಅಂತರ. ಕಾರಣ ಆಯೋಗದ ತೂಕಗಳಲ್ಲಿದೆ: ಆದಾಯದ ಅಂತರಕ್ಕೆ 45, 2011ರ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಅರಣ್ಯಕ್ಕೆ 10, ಜನಸಂಖ್ಯೆ ನಿಯಂತ್ರಣದ ಸಾಧನೆಗೆ 12.5, ತೆರಿಗೆ ಪ್ರಯತ್ನಕ್ಕೆ 2.5. ತಲಾ ಆದಾಯ ಏರಿದ ರಾಜ್ಯಕ್ಕೆ ಮೊದಲ 45ರಲ್ಲೇ ಪೆಟ್ಟು ಬೀಳುತ್ತದೆ. ಬಡ ರಾಜ್ಯಕ್ಕೆ ಹೆಚ್ಚು ಸಿಗಲೇಬೇಕು ಎನ್ನುವುದು ಒಪ್ಪತಕ್ಕ ಮಾತು. ಆದರೆ ತನ್ನ ತೆರಿಗೆಯನ್ನು ತಾನೇ ಚೆನ್ನಾಗಿ ವಸೂಲು ಮಾಡುವ ರಾಜ್ಯಕ್ಕೆ ನೂರರಲ್ಲಿ ಎರಡೂವರೆ ಅಂಕ ಎನ್ನುವುದು ತೀರಾ ಕಡಿಮೆ, ಇದನ್ನು ತರಗತಿಯಲ್ಲಿ ಚರ್ಚೆಗೆ ಇಡಿ.

ಈ ಪಾಲುಗಳು 2025-26ಕ್ಕೆ ಮುಗಿದವು. 2026-27ರಿಂದ 16ನೇ ಆಯೋಗದ್ದು, ಮುಂದಿನ ವರ್ಷಗಳಿಗೆ 3.647 ಬಳಸಬೇಡಿ.

ಅನುದಾನ ಬೇರೆ, ತೆರಿಗೆ ಪಾಲು ಬೇರೆ ಎಂಬುದನ್ನೂ ಒತ್ತಿ ಹೇಳಿ. ತೆರಿಗೆ ಪಾಲು ಸಂವಿಧಾನದ ಹಕ್ಕು, ವರ್ಷಕ್ಕೆ 14 ಕಂತಿನಲ್ಲಿ ಬರುತ್ತದೆ, ಹೇಗಾದರೂ ಖರ್ಚು ಮಾಡಬಹುದು. ಕೇಂದ್ರ ಪುರಸ್ಕೃತ ಯೋಜನೆಯ ಹಣಕ್ಕೆ ಷರತ್ತು ಇದೆ. ಸಾಮಾನ್ಯವಾಗಿ ಕೇಂದ್ರ 60, ರಾಜ್ಯ 40 ಹಾಕಬೇಕು, ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90ಕ್ಕೆ 10. ‘ರಾಜ್ಯಕ್ಕೆ ಇಷ್ಟು ಕೊಟ್ಟೆವು’ ಎಂಬ ಹೇಳಿಕೆಗಳಲ್ಲಿ ಎರಡನ್ನೂ, ಕೆಲವೊಮ್ಮೆ ಸಾಲವನ್ನೂ ಒಂದೇ ಗೋಣಿಚೀಲಕ್ಕೆ ಹಾಕಿರುತ್ತಾರೆ.

---

ಕೋಷ್ಟಕ

ಬಂಡವಾಳ ವೆಚ್ಚದ ಪ್ರಶ್ನೆಗೆ. 11,21,090 ಕೋಟಿ ಕೇಂದ್ರದ ಸ್ವಂತ ಬಂಡವಾಳ ಖಾತೆಯದ್ದು. ರಾಜ್ಯಗಳಿಗೂ ಸಂಸ್ಥೆಗಳಿಗೂ ‘ಆಸ್ತಿ ನಿರ್ಮಿಸಿ’ ಎಂದು ಕೊಡುವ ಅನುದಾನ 4,27,192 ಕೋಟಿ. ಕೂಡಿದರೆ 15,48,282. ಇದನ್ನೇ ಪರಿಣಾಮಕಾರಿ ಬಂಡವಾಳ ವೆಚ್ಚ ಎನ್ನುವುದು. ಅನುದಾನದಿಂದ ಕಟ್ಟಿದ ಮನೆ, ಕೊಳವೆ, ರಸ್ತೆ ಕೇಂದ್ರದ ಆಸ್ತಿಯಲ್ಲ, ಆದ್ದರಿಂದ ಲೆಕ್ಕಶಾಸ್ತ್ರದ ಪ್ರಕಾರ ಅದು ರಾಜಸ್ವ ವೆಚ್ಚವೇ. ರಾಜಸ್ವ ಕೊರತೆ (ರಾಜಸ್ವ ಸ್ವೀಕೃತಿಗಿಂತ ರಾಜಸ್ವ ವೆಚ್ಚ ಹೆಚ್ಚಾದ ಮೊತ್ತ) 5,23,846 ಕೋಟಿಯಿಂದ ಈ 4.27 ಲಕ್ಷ ಕೋಟಿ ಕಳೆದು, ಉಳಿದ 96,654 ಕೋಟಿಯನ್ನು ಪರಿಣಾಮಕಾರಿ ರಾಜಸ್ವ ಕೊರತೆ ಎಂದು ತೋರಿಸುತ್ತಾರೆ. ಜಿಡಿಪಿಯ ಶೇ 1.5 ಇದ್ದದ್ದು ಶೇ 0.3 ಆಗಿಬಿಡುತ್ತದೆ. ಯಾವ ಅಂಕಿ ಬಳಸಿದರೂ ಹೆಸರನ್ನು ಪೂರ್ತಿ ಬರೆಯಿರಿ.

11.21 ಎಂದ ಕೂಡಲೇ ಅಷ್ಟೂ ಸೇತುವೆ, ಹಳಿ, ಹೆದ್ದಾರಿ ಎಂದುಕೊಳ್ಳಬೇಡಿ. ರೈಲ್ವೆಗೆ 2.52 ಲಕ್ಷ ಕೋಟಿ. ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಸಾಲಕ್ಕೆಂದು 1.5 ಲಕ್ಷ ಕೋಟಿ ಇದರೊಳಗೇ ಇದೆ, ಕೇಂದ್ರಕ್ಕೆ ಅದು ಸಾಲ ಕೊಟ್ಟ ಲೆಕ್ಕ. ಅದೇ ಹಣದಲ್ಲಿ ಕರ್ನಾಟಕ ಒಂದು ಸೇತುವೆ ಕಟ್ಟಿದರೆ ಕರ್ನಾಟಕದ ಬಜೆಟ್‌ನಲ್ಲೂ ಬಂಡವಾಳ ವೆಚ್ಚವಾಗಿ ಬರುತ್ತದೆ. ಕೇಂದ್ರ ಮತ್ತು ರಾಜ್ಯಗಳ ಬಂಡವಾಳ ವೆಚ್ಚವನ್ನು ಕೂಡಿಸುವಾಗ ಇದನ್ನು ಕಳೆಯದಿದ್ದರೆ ಒಂದೇ ಸೇತುವೆ ಎರಡು ಸಲ ಎಣಿಕೆಯಾಗುತ್ತದೆ. ಸರ್ಕಾರಿ ಕಂಪನಿಗಳಿಗೆ ಹಾಕುವ ಷೇರು ಬಂಡವಾಳವೂ ಇಲ್ಲೇ ಸೇರುತ್ತದೆ, ಆ ಕಂಪನಿ ಆ ಹಣದಲ್ಲಿ ಹಳೆ ಸಾಲ ತೀರಿಸಿದರೂ ಸರಿಯೇ.

ಶೇ 10ಕ್ಕೂ ಶೇ 1ಕ್ಕೂ ಜಗಳ ಹುಟ್ಟುವುದು ಕಾಲಂಗಳಿಂದ. ಪ್ರತಿ ಬಜೆಟ್ ಪುಟದಲ್ಲಿ ನಾಲ್ಕು ಕಾಲಂ ಇರುತ್ತವೆ. 2025-26ರ ಪುಸ್ತಕದಲ್ಲಿ ಅವು 2023-24ರ ಲೆಕ್ಕ (ನಿಜವಾಗಿ ಆದದ್ದು), 2024-25ರ ಆಯವ್ಯಯ ಅಂದಾಜು (ಬಜೆಟ್‌ನಲ್ಲಿ ಮೊದಲು ಇಟ್ಟದ್ದು), 2024-25ರ ಪರಿಷ್ಕೃತ ಅಂದಾಜು (ವರ್ಷದ ನಡುವೆ ತಿದ್ದಿದ್ದು), 2025-26ರ ಆಯವ್ಯಯ ಅಂದಾಜು. 2024-25ರಲ್ಲಿ ಬಂಡವಾಳ ವೆಚ್ಚಕ್ಕೆ 11,11,111 ಕೋಟಿ ಇಟ್ಟಿದ್ದರು. ಖರ್ಚು ಆಗದೆ ಪರಿಷ್ಕೃತ ಅಂದಾಜು 10,18,429ಕ್ಕೆ ಇಳಿಯಿತು. 11,21,090 ಅನ್ನು ಮೊದಲನೆಯದಕ್ಕೆ ಹೋಲಿಸಿದರೆ ಶೇ 0.9 ಏರಿಕೆ, ಎರಡನೆಯದಕ್ಕೆ ಹೋಲಿಸಿದರೆ ಶೇ 10.1. ಹಿಂದಿನ ವರ್ಷ ಖರ್ಚು ಮಾಡಲಾಗದೆ ಉಳಿಸಿದಷ್ಟೂ ಈ ವರ್ಷದ ಏರಿಕೆ ದೊಡ್ಡದಾಗಿ ಕಾಣುತ್ತದೆ. ಅಂದಾಜನ್ನು ಅಂದಾಜಿಗೆ, ಲೆಕ್ಕವನ್ನು ಲೆಕ್ಕಕ್ಕೆ ಹೋಲಿಸುವುದೇ ನ್ಯಾಯ.

ಹತ್ತಿಪ್ಪತ್ತು ವರ್ಷದ ನಕ್ಷೆ ಹಾಕಿಸುವ ಯೋಚನೆ ಇದ್ದರೆ ಇನ್ನೂ ಕೆಲವು ಕಡೆ ಕಾಲು ಜಾರುತ್ತದೆ. 2017-18ರಿಂದ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ವಿಂಗಡಣೆ ಇಲ್ಲ. 1924ರಿಂದ ಬೇರೆಯಾಗಿದ್ದ ರೈಲ್ವೆ ಬಜೆಟ್ ಅದೇ ವರ್ಷ ಮುಖ್ಯ ಬಜೆಟ್‌ಗೆ ಸೇರಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಅಬಕಾರಿ ಸುಂಕ, ಸೇವಾ ತೆರಿಗೆಯ ಸಾಲುಗಳು ಮುರಿದವು.

ಎಲ್ಲಕ್ಕಿಂತ ಕೆಟ್ಟ ಗುಂಡಿ 2020-21ರ ಆಹಾರ ಸಬ್ಸಿಡಿ. ಆ ವರ್ಷದ ಆಯವ್ಯಯ ಅಂದಾಜು 1,15,570 ಕೋಟಿ, ಪರಿಷ್ಕೃತ ಅಂದಾಜು 4,22,618 ಕೋಟಿ. ಕೋವಿಡ್ ಕಾಲದ ಉಚಿತ ಅಕ್ಕಿ ಗೋಧಿ ಒಂದು ಕಾರಣ, ಅಷ್ಟೇ ಅಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಭಾರತೀಯ ಆಹಾರ ನಿಗಮಕ್ಕೆ ಕೊಡಬೇಕಾದ ಸಬ್ಸಿಡಿಯನ್ನು ಬಜೆಟ್‌ನಲ್ಲಿ ಪೂರ್ತಿ ಕೊಡದೆ, ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ ನಿಗಮಕ್ಕೆ ಸಾಲ ಕೊಡಿಸುತ್ತಿದ್ದರು. ಸಾಲ ನಿಗಮದ ಹೆಸರಿನಲ್ಲಿ, ಆದ್ದರಿಂದ ಕೇಂದ್ರದ ಕೊರತೆಯಲ್ಲಿ ಕಾಣಿಸುತ್ತಿರಲಿಲ್ಲ. 2021ರ ಫೆಬ್ರವರಿಯ ಬಜೆಟ್‌ನಲ್ಲಿ ಆ ಪದ್ಧತಿ ನಿಲ್ಲಿಸಿ ಬಾಕಿಯನ್ನು ಬಜೆಟ್‌ನೊಳಗೆ ತಂದರು. ಅಡಿಟಿಪ್ಪಣಿ ಇಲ್ಲದ ನಕ್ಷೆಯಲ್ಲಿ ಹಿಂದಿನ ವರ್ಷಗಳು ಬಡವಾಗಿ, ಆ ಒಂದು ವರ್ಷ ದುಂದಾಗಿ ಕಾಣುತ್ತದೆ. ಎರಡೂ ಸುಳ್ಳು. ಇಂಥ ಬಜೆಟ್‌ನಾಚೆಯ ಸಾಲಗಳ ಪಟ್ಟಿ ವೆಚ್ಚದ ಪಕ್ಷಿನೋಟ (Expenditure Profile) ಪುಸ್ತಕದ ಕೊನೆಯಲ್ಲಿ ಇರುತ್ತದೆ.

---

ಹಳೆ ಖತಾವಣಿ

ಇನ್ನು ಘೋಷಣೆಯ ಹಣದ ಜಾಡು. ಇದಕ್ಕೆ ತಾಳ್ಮೆ ಬೇಕು, ಆದರೆ ಯಾರೂ ಮಾಡಬಹುದಾದ ಕೆಲಸ.

ಭಾಷಣಕ್ಕೆ ಕಾನೂನಿನ ಬಲ ಇಲ್ಲ. ಲೋಕಸಭೆ ಮತ ಹಾಕುವುದು ಅನುದಾನ ಬೇಡಿಕೆಗಳಿಗೆ (ಒಂದೊಂದು ಇಲಾಖೆಗೆ ಬೇಕಾದ ಹಣದ ಪಟ್ಟಿ), ಹಣ ತೆಗೆಯಲು ಅಧಿಕಾರ ಕೊಡುವುದು ಧನವಿನಿಯೋಗ ಕಾಯ್ದೆ. ಭಾಷಣದಲ್ಲಿ ಇದ್ದು ಬೇಡಿಕೆಯಲ್ಲಿ ಇಲ್ಲದ್ದಕ್ಕೆ ಆ ವರ್ಷ ಒಂದು ರೂಪಾಯಿಯನ್ನೂ ಕೊಡಲು ಬರುವುದಿಲ್ಲ, ಪೂರಕ ಅಂದಾಜಿನಲ್ಲಿ ತಂದರೆ ಮಾತ್ರ ಸಾಧ್ಯ. ಹಾಗಾಗಿ ಭಾಷಣದ ವಾಕ್ಯ ಗುರುತು ಹಾಕಿಕೊಂಡ ಮೇಲೆ ಮೊದಲು ಮಾಡಬೇಕಾದ್ದು ಯಾವ ಸಚಿವಾಲಯ, ಎಷ್ಟನೇ ಬೇಡಿಕೆ ಎಂದು ಹುಡುಕುವುದು. ಭದ್ರಾ ಮೇಲ್ದಂಡೆಗೆ ಜಲಶಕ್ತಿ ಸಚಿವಾಲಯದ ಜಲಸಂಪನ್ಮೂಲ, ನದಿ ಅಭಿವೃದ್ಧಿ ಮತ್ತು ಗಂಗಾ ಪುನರುಜ್ಜೀವನ ಇಲಾಖೆಯ ಬೇಡಿಕೆ ತೆರೆಯಬೇಕು, ಅಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಸಾಲುಗಳನ್ನು ನೋಡಬೇಕು. ವೆಚ್ಚ ಬಜೆಟ್ ಪುಸ್ತಕದಲ್ಲಿ ಯೋಜನೆಯ ಮಟ್ಟದವರೆಗೆ ಸಿಗುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಸಚಿವಾಲಯ ಹೊರತರುವ ವಿವರವಾದ ಅನುದಾನ ಬೇಡಿಕೆ ಬೇಕು.

ಅಲ್ಲಿ ಲೆಕ್ಕ ಶೀರ್ಷಿಕೆಗಳು ಅಂಕಿಗಳಲ್ಲಿ ಇರುತ್ತವೆ, ಒಟ್ಟು 15 ಅಂಕಿ. ಮೊದಲ ನಾಲ್ಕು ಪ್ರಧಾನ ಶೀರ್ಷಿಕೆ, ಆಮೇಲೆ ಎರಡು, ಮೂರು, ಎರಡು, ಎರಡು, ಎರಡು. ಮೊದಲ ಅಂಕಿ ನೋಡಿದರೇ ಜಾತಕ ತಿಳಿಯುತ್ತದೆ. 0 ಅಥವಾ 1 ಆದರೆ ರಾಜಸ್ವ ಸ್ವೀಕೃತಿ, 2 ಅಥವಾ 3 ರಾಜಸ್ವ ವೆಚ್ಚ, 4 ಅಥವಾ 5 ಬಂಡವಾಳ ವೆಚ್ಚ, 6 ಅಥವಾ 7 ಸಾಲ ಮತ್ತು ಮುಂಗಡ, 8 ಎಂದರೆ ಸಾದಿಲ್ವಾರು ನಿಧಿ (ತುರ್ತು ಖರ್ಚಿನದ್ದು) ಮತ್ತು ಸಾರ್ವಜನಿಕ ಲೆಕ್ಕ (ಸಂಚಿತ ನಿಧಿಯ ಹೊರಗೆ ಸರ್ಕಾರ ಇಟ್ಟುಕೊಳ್ಳುವ ಹಣ). 3054 ರಸ್ತೆ ಸೇತುವೆಗಳ ನಿರ್ವಹಣೆಯಂಥ ರಾಜಸ್ವ ಖರ್ಚು, 5054 ಅದೇ ರಸ್ತೆ ಸೇತುವೆಗಳ ಬಂಡವಾಳ ಖರ್ಚು. 2049 ಬಡ್ಡಿ. ರಾಜ್ಯಕ್ಕೆ ಅನುದಾನವಾಗಿ ಹೋಗುವುದು 3601, ಸಾಲವಾಗಿ ಹೋಗುವುದು 7601. ‘ನೆರವು’ ಎಂಬ ಪದ ಕೇಳಿದಾಗ 3601ರಲ್ಲಿದೆಯೋ 7601ರಲ್ಲಿದೆಯೋ ನೋಡಿ, ಮರಳಿ ಕೊಡಬೇಕೋ ಬೇಡವೋ ಅಲ್ಲೇ ತೀರ್ಮಾನ. ಈ ಪ್ರಧಾನ ಶೀರ್ಷಿಕೆಗಳು ಕೇಂದ್ರಕ್ಕೂ ರಾಜ್ಯಗಳಿಗೂ ಒಂದೇ, ಕರ್ನಾಟಕದ ಬಜೆಟ್ ಪುಸ್ತಕಕ್ಕೂ ಇದೇ ಕೀಲಿ ಹೊಂದುತ್ತದೆ.

ಆಮೇಲೆ ಮುಂದಿನ ವರ್ಷದ ಪುಸ್ತಕ ತೆಗೆದು ಅದೇ ಸಾಲಿನ ಪರಿಷ್ಕೃತ ಅಂದಾಜು ನೋಡಿ. ಅದಕ್ಕೂ ಮುಂದಿನ ವರ್ಷದಲ್ಲಿ ಲೆಕ್ಕ ನೋಡಿ. ಘೋಷಣೆಗೆ ನಿಜವಾಗಿ ಏನಾಯಿತು ಎಂದು ತಿಳಿಯಲು ಎರಡು ವರ್ಷ ಕಾಯಬೇಕು. ಪತ್ರಿಕೆಗಳು ಅಷ್ಟು ಕಾಯುವುದಿಲ್ಲ, ಅದಕ್ಕೇ ನಿಮ್ಮಂಥವರ ಟಿಪ್ಪಣಿ ಬೇಕು. ಬಜೆಟ್ ಜೊತೆಗೇ ಬರುವ, ಹಿಂದಿನ ಭಾಷಣದ ಘೋಷಣೆಗಳ ಜಾರಿ ಸ್ಥಿತಿಯ ಪುಸ್ತಕವನ್ನೂ ನೋಡಿ.

ಭದ್ರಾ ಮೇಲ್ದಂಡೆಯ ವಿಷಯದಲ್ಲಿ ಹಣ ಬಿಡುಗಡೆಯಾಗಿಲ್ಲ ಎಂದು ಕರ್ನಾಟಕ ಸರ್ಕಾರ ಪದೇಪದೇ ಹೇಳಿದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ, ತುಂತುರು ನೀರಾವರಿ ಮತ್ತು ಕೆರೆ ತುಂಬಿಸುವ ಯೋಜನೆ ಇದು, ಬರದ ಸೀಮೆಯ ಜನರ ಬದುಕಿನ ಪ್ರಶ್ನೆ. ಭಾಷಣದ ಒಂದು ಸಾಲು ಬಯಲುಸೀಮೆಯ ಕೆರೆಗೆ ನೀರಾಗುವ ತನಕ ಎಷ್ಟು ಬಾಗಿಲು ದಾಟಬೇಕು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

---

ಹೊಂಗೆ ನೆರಳು

ಎಲ್ಲರಿಗೂ ತುಂಬಾ ಧನ್ಯವಾದ. ಖತಾವಣಿ ಸರ್, ಒಂದು ಸಂದೇಹ. ಒಂದು ವರ್ಷಕ್ಕೆ ಇಟ್ಟ ಹಣ ಖರ್ಚಾಗದೆ ಉಳಿದರೆ ಮುಂದಿನ ವರ್ಷಕ್ಕೆ ಆ ಯೋಜನೆಯ ಹೆಸರಿನಲ್ಲೇ ಉಳಿಯುತ್ತದೆಯೇ? ಹಣ ಇಟ್ಟೂ ಖರ್ಚಾಗದಿರಲು ಕಾರಣ ಏನು?

---

ಹಳೆ ಖತಾವಣಿ

ಉಳಿಯುವುದಿಲ್ಲ. ಮಾರ್ಚ್ 31ರ ರಾತ್ರಿಗೆ ಮಂಜೂರಾತಿ ಸತ್ತುಹೋಗುತ್ತದೆ. ಮುಂದಿನ ವರ್ಷ ಮತ್ತೆ ಬೇಡಿಕೆ, ಮತ್ತೆ ಮತದಾನ. ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯಂತೆ ಸಾರ್ವಜನಿಕ ಲೆಕ್ಕದಲ್ಲಿ ಇರುವ ನಿಧಿಗಳಿಗೆ ವರ್ಗಾಯಿಸಿದ್ದು ಮಾತ್ರ ಅಲ್ಲಿ ಉಳಿಯಬಹುದು. ಆ ನಿಧಿಗೆ ವರ್ಗಾಯಿಸಿದ ಕೂಡಲೇ ‘ಖರ್ಚಾಯಿತು’ ಎಂದು ಎಣಿಸಬೇಡಿ.

ಖರ್ಚಾಗದಿರಲು ಹೆಚ್ಚಾಗಿ ಕಾರಣ ಕಂತಿನ ನಿಯಮ. ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ ಒಂದು ಸಲಕ್ಕೆ ವಾರ್ಷಿಕ ಮೊತ್ತದ ಶೇ 25 ಮೀರದಂತೆ ಬಿಡುಗಡೆ. ರಾಜ್ಯ ತನ್ನ ಪಾಲನ್ನು ಹಾಕಿರಬೇಕು, ಹಿಂದೆ ಬಂದದ್ದರಲ್ಲಿ ಶೇ 75 ಖರ್ಚಾಗಿರಬೇಕು, ಬಳಕೆ ಪ್ರಮಾಣಪತ್ರ ಹೋಗಿರಬೇಕು. ಇದರಲ್ಲಿ ಒಂದು ತಪ್ಪಿದರೂ ಮುಂದಿನ ಕಂತು ನಿಲ್ಲುತ್ತದೆ. 2021ರ ಜುಲೈನಿಂದ ಪ್ರತಿ ಯೋಜನೆಗೆ ರಾಜ್ಯದಲ್ಲಿ ಒಂದೇ ನೋಡಲ್ ಸಂಸ್ಥೆ, ಒಂದೇ ಬ್ಯಾಂಕ್ ಖಾತೆ ಎಂದು ಮಾಡಿದರು. ಅದಕ್ಕೆ ಮೊದಲು ಹಣ ದೆಹಲಿಯ ಲೆಕ್ಕದಲ್ಲಿ ಖರ್ಚಾಗಿ, ಜಿಲ್ಲೆ ತಾಲ್ಲೂಕುಗಳ ನೂರಾರು ಖಾತೆಗಳಲ್ಲಿ ಸುಮ್ಮನೆ ಕೂತಿರುತ್ತಿತ್ತು.

ಕೇಂದ್ರದೊಳಗೂ ಒಂದು ಕಡಿವಾಣವಿದೆ. ಕೊನೆಯ ತ್ರೈಮಾಸಿಕದಲ್ಲಿ ಶೇ 33, ಮಾರ್ಚ್ ಒಂದರಲ್ಲೇ ಶೇ 15 ಮೀರಬಾರದು ಎಂಬುದು ಸಾಮಾನ್ಯ ನಿಯಮ. ಡಿಸೆಂಬರ್‌ವರೆಗೆ ನಿದ್ದೆ ಮಾಡಿದ ಇಲಾಖೆ ಪರಿಷ್ಕೃತ ಅಂದಾಜಿನಲ್ಲಿ ಹಣ ಕಳೆದುಕೊಳ್ಳುತ್ತದೆ. ಸೆಪ್ಟೆಂಬರ್ ಹೊತ್ತಿನ ಬಜೆಟ್ ಸುತ್ತೋಲೆಯ ನಂತರ ಚರ್ಚೆ ಶುರುವಾದಾಗ ಮೊದಲು ಕೇಳುವುದೇ ಈ ವರ್ಷ ಇಲ್ಲಿಯವರೆಗೆ ಎಷ್ಟು ಖರ್ಚಾಗಿದೆ ಎಂದು. ಮುಂದಿನ ವರ್ಷದ ಅಂಕಿ ಅದರ ಮೇಲೆ ನಿಂತಿರುತ್ತದೆ.

---

ತುಂಗೆಯ ದಡ

ಮತದಾನದ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಸುಮಾರು ನೂರು ಬೇಡಿಕೆಗಳಲ್ಲಿ ಸದನ ವಿವರವಾಗಿ ಚರ್ಚಿಸುವುದು ಕೆಲವನ್ನು ಮಾತ್ರ. ಉಳಿದವನ್ನು ನಿಗದಿತ ದಿನ, ನಿಗದಿತ ಹೊತ್ತಿಗೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಅದೇ ಗಿಲೋಟಿನ್. ಬಡ್ಡಿ, ರಾಷ್ಟ್ರಪತಿಗಳ ಮತ್ತು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ವೇತನದಂಥ ಪ್ರಭೃತ ವೆಚ್ಚಕ್ಕೆ ಮತವೇ ಇಲ್ಲ, ಚರ್ಚೆ ಮಾತ್ರ. ರಾಜ್ಯಸಭೆ ಧನವಿನಿಯೋಗ ಮಸೂದೆಯನ್ನು 14 ದಿನದೊಳಗೆ ಹಿಂದಿರುಗಿಸಬೇಕು, ತಡೆಯಲಾರದು. ತೆರಿಗೆಯ ಕಡೆ, ಸುಂಕದ ಬದಲಾವಣೆ ಘೋಷಣೆಯ ಮಧ್ಯರಾತ್ರಿಯಿಂದಲೇ ಜಾರಿಯಾದರೆ 75 ದಿನದೊಳಗೆ ಹಣಕಾಸು ಮಸೂದೆ ಕಾಯ್ದೆಯಾಗಬೇಕು, ಇಲ್ಲದಿದ್ದರೆ ಜಾರಿ ಬಿದ್ದುಹೋಗುತ್ತದೆ.

---

ಕೋಷ್ಟಕ

ಹೊಂಗೆ ನೆರಳು ಅವರೇ, ಅಂಕಿ ನಕಲು ಮಾಡುವಾಗ ಪುಟದ ಮೇಲ್ತುದಿಯ ಘಟಕ ನೋಡುವುದನ್ನು ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸಿ. ಬಜೆಟ್ ಕಿರುನೋಟ, ವೆಚ್ಚ ಬಜೆಟ್ ಕೋಟಿಯಲ್ಲಿ. ವಿವರವಾದ ಅನುದಾನ ಬೇಡಿಕೆಗಳು ಸಾವಿರದಲ್ಲಿ. ರೈಲ್ವೆಯ ಪಿಂಕ್ ಬುಕ್ (ಕಾಮಗಾರಿವಾರು ಹಣದ ಪುಸ್ತಕ) ಕೂಡ ಸಾವಿರದಲ್ಲಿ. ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಯ ಪುಟಗಳಲ್ಲಿ ಒಂದು ಮಾರ್ಗದ ಎದುರು ‘1’ ಎಂದಿದ್ದರೆ ಅದು ಒಂದು ಕೋಟಿ ಅಲ್ಲ, ಒಂದು ಸಾವಿರ ರೂಪಾಯಿ. ಯೋಜನೆ ಪಟ್ಟಿಯಿಂದ ಬಿಟ್ಟುಹೋಗದಿರಲಿ ಎಂದು ಇಡುವ ಸಾಂಕೇತಿಕ ಮೊತ್ತ ಅದು, ಆ ವರ್ಷ ಆ ಮಾರ್ಗದಲ್ಲಿ ಕೆಲಸ ನಡೆಯುವುದಿಲ್ಲ ಎಂದೇ ಓದಬೇಕು.

ಇನ್ನೊಂದು, ಅನುದಾನ ಬೇಡಿಕೆಯ ಮೊತ್ತ ಸ್ಥೂಲ, ವೆಚ್ಚ ಬಜೆಟ್‌ನ ಕೊನೆಯ ಮೊತ್ತ ವಸೂಲಾತಿಗಳನ್ನು ಕಳೆದ ನಿವ್ವಳ. ಎರಡು ಪುಸ್ತಕ ತಾಳೆಯಾಗುತ್ತಿಲ್ಲ ಎಂದರೆ ವಸೂಲಾತಿಯ ಸಾಲನ್ನು ಮೊದಲು ನೋಡಿ. ವರ್ಷದ ನಡುವೆ ಖರ್ಚು ಎಲ್ಲಿಗೆ ಬಂತು ಎಂದು ತಿಳಿಯಲು ಮಹಾ ಲೆಕ್ಕ ನಿಯಂತ್ರಕರ ಮಾಸಿಕ ಲೆಕ್ಕ ತಿಂಗಳ ಕೊನೆಯಲ್ಲಿ ಬರುತ್ತದೆ, ಒಂದು ತಿಂಗಳು ಹಿಂದಿನದ್ದು. ಮಾರ್ಚ್‌ವರೆಗಿನ ತಾತ್ಕಾಲಿಕ ಲೆಕ್ಕ ಮಾತ್ರ ಮೇ ಕೊನೆಗೆ. ನಿಮ್ಮ ಟಿಪ್ಪಣಿಯ ಕೋಷ್ಟಕಗಳಿಗೆ ಪ್ರತಿ ಅಂಕಿಯ ಪಕ್ಕ ‘ಆ.ಅಂ.’, ‘ಪ.ಅಂ.’, ‘ತಾತ್ಕಾಲಿಕ’, ‘ಲೆಕ್ಕ’ ಎಂದು ಒಂದು ಕಿರು ಕಾಲಂ ಹಾಕಿ. ಕೋಷ್ಟಕ ಸಿದ್ಧವಾದ ಮೇಲೆ ಇಲ್ಲಿ ಹಾಕಿ, ಕೂಡಿಸಿ ಕಳೆದು ತಾಳೆ ನೋಡಿಕೊಡುತ್ತೇನೆ.